ಥೇಮ್ಸ್ ದಂಡೆಯ ಹಳೆಯ ಪಬ್‌ಗಳು: ವಾಪಿಂಗ್‌ನಿಂದ ರಾದರ್‌ಹೈದ್‌ವರೆಗೆ, ನೀರಿನ ಏರಿಳಿತ ನೋಡಿಕೊಂಡು ಒಂದು ದಿನದ ಸಮಗ್ರ ಮಾರ್ಗದರ್ಶಿ

ಲಂಡನ್ನಿಗೆ ಹೋದವರು ಸಾಮಾನ್ಯವಾಗಿ ಥೇಮ್ಸ್ ನದಿಯನ್ನು ಟವರ್ ಸೇತುವೆಯವರೆಗೆ ನೋಡಿ ಹಿಂತಿರುಗುತ್ತಾರೆ. ಆ ಸೇತುವೆಯ ಪೂರ್ವಕ್ಕೆ, ಉತ್ತರ ದಂಡೆಯಲ್ಲಿ ವಾಪಿಂಗ್ ಮತ್ತು ಲೈಮ್‌ಹೌಸ್, ದಕ್ಷಿಣ ದಂಡೆಯಲ್ಲಿ ರಾದರ್‌ಹೈದ್ ಎಂಬ ಹಳೆಯ ನಾವಿಕರ ಪೇಟೆಗಳಿವೆ. ಹಡಗುಗಳು ಹೋಗಿ ದಶಕಗಳೇ ಕಳೆದಿವೆ, ಗೋದಾಮುಗಳು ದುಬಾರಿ ಮನೆಗಳಾಗಿವೆ. ಆದರೆ ನೀರಿಗೆ ಬೆನ್ನು ಕೊಟ್ಟು ನಿಂತ ಕೆಲವು ಪಬ್‌ಗಳು ಮಾತ್ರ ಹಳೆಯ ಕೆಲಸವನ್ನೇ ಮಾಡಿಕೊಂಡಿವೆ. ಅವುಗಳಲ್ಲಿ ನಾಲ್ಕೈದನ್ನು ಒಂದೇ ದಿನದಲ್ಲಿ, ಅವಸರವಿಲ್ಲದೆ, ಕುಡಿಯುವವರೂ ಕುಡಿಯದವರೂ ಜೊತೆಯಾಗಿ ನೋಡುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲು ಭರತ–ಇಳಿತದ ಕೋಷ್ಟಕ, ಆಮೇಲೆ ಗಡಿಯಾರ

ಬಹುತೇಕ ಪ್ರವಾಸಿಗರು ಈ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ. ಉಳಿದದ್ದೆಲ್ಲ ಇದನ್ನೇ ಅವಲಂಬಿಸಿದೆ. ಇಲ್ಲಿಯ ಥೇಮ್ಸ್ ಸಮುದ್ರದ ಭರತ–ಇಳಿತಕ್ಕೆ ಒಳಪಟ್ಟ ನದಿ. ನಮ್ಮ ಕರಾವಳಿಯ ಅಳಿವೆಗಳಲ್ಲಿ ನೀರು ಒಂದೂವರೆ–ಎರಡು ಮೀಟರಿನಷ್ಟು ಏರಿಳಿಯುವುದನ್ನು ಕಂಡವರಿಗೆ, ಲಂಡನ್ ಸೇತುವೆಯ ಬಳಿ ಹುಣ್ಣಿಮೆ–ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ಸುಮಾರು 7 ಮೀಟರ್ ಏರಿಳಿಯುತ್ತದೆ ಎಂದರೆ ನಂಬುವುದು ಕಷ್ಟ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಹೀಗಾಗಿ ಬೆಳಿಗ್ಗೆ ಕಂಡ ನದಿಗೂ ಸಂಜೆ ಕಂಡ ನದಿಗೂ ಸಂಬಂಧವೇ ಇಲ್ಲವೆನಿಸುತ್ತದೆ: ಒಮ್ಮೆ ಕೆಸರು, ಕಲ್ಲು, ಹಳೆಯ ಕಂಬಗಳ ಬುಡ ಕಾಣುವ ಅಗಲವಾದ ತೀರ, ಇನ್ನೊಮ್ಮೆ ಪಬ್ಬಿನ ಗೋಡೆಗೆ ಬಡಿಯುವ ಕಂದು ನೀರು.

ಈ ಎರಡನ್ನೂ ನೋಡಬೇಕು. ಆದ್ದರಿಂದ ನಡುಹಗಲಿನ ಆಸುಪಾಸಿನಲ್ಲಿ ಇಳಿತವೂ ಸಂಜೆ ಆರು–ಏಳರ ಸುಮಾರಿಗೆ ಭರತವೂ ಬರುವ ದಿನವನ್ನು ಆರಿಸಿಕೊಳ್ಳುವುದು ಉತ್ತಮ. ಪೋರ್ಟ್ ಆಫ್ ಲಂಡನ್ ಅಥಾರಿಟಿ ಎಂಬ ಬಂದರು ಪ್ರಾಧಿಕಾರವು ಇದರ ಕೋಷ್ಟಕವನ್ನು ಪ್ರಕಟಿಸುತ್ತದೆ. ಪಂಚಾಂಗ ನೋಡುವ ಅಭ್ಯಾಸವಿದ್ದವರಿಗೆ ಇನ್ನೊಂದು ಸುಲಭ ಗುರುತಿದೆ: ಯಾವ ಪಕ್ಷವಾದರೂ ಸರಿ, ಪಂಚಮಿಯಿಂದ ಅಷ್ಟಮಿಯವರೆಗಿನ ದಿನಗಳಲ್ಲಿ ಇಲ್ಲಿ ಇಳಿತವು ಹೆಚ್ಚುಕಡಿಮೆ ನಡುಹಗಲಿನಿಂದ ಎರಡು ಗಂಟೆಯ ಆಸುಪಾಸಿಗೆ ಬೀಳುತ್ತದೆ. ಆ ದಿನಗಳಲ್ಲಿ ಏರಿಳಿತದ ಅಂತರ ಹುಣ್ಣಿಮೆಯಷ್ಟು ಇರುವುದಿಲ್ಲವಾದರೂ ನೋಡುವ ಕಣ್ಣಿಗೆ ಧಾರಾಳವಾಗಿ ಸಾಕು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತಿಮ ನಿರ್ಧಾರವನ್ನು ಮಾತ್ರ ಕೋಷ್ಟಕ ನೋಡಿಯೇ ಮಾಡಬೇಕು.

ಋತುವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ವಾರದ ದಿನವಾದರೆ ಕಿಟಕಿಯ ಪಕ್ಕ ಜಾಗ ಸಿಗುವ ಸಂಭವ ಹೆಚ್ಚು; ಭಾನುವಾರ ಮಧ್ಯಾಹ್ನ ಹುರಿದ ಮಾಂಸದೂಟಕ್ಕೆ ಊರಿಗೆ ಊರೇ ಬರುವುದರಿಂದ ಮೊದಲೇ ಮೇಜು ಕಾಯ್ದಿರಿಸದೆ ಹೋಗಬಾರದು.

ಹೊರಡುವ ಮುನ್ನ ತಿಳಿದಿರಬೇಕಾದ ರೂಢಿಗಳು

ಪಬ್ ಎಂದರೆ ನಮ್ಮ ಊರಿನ ಬಾರ್ ಅಲ್ಲ. ಮಬ್ಬುಗತ್ತಲೆಯಿಲ್ಲ, ಪರದೆಯಿಲ್ಲ, ವೃದ್ಧ ದಂಪತಿಗಳು ಪತ್ರಿಕೆ ಓದುತ್ತ, ನಾಯಿಯನ್ನು ಕಾಲ ಬಳಿ ಮಲಗಿಸಿಕೊಂಡು ಕುಳಿತಿರುತ್ತಾರೆ. ಮೇಜಿನ ಬಳಿ ಬಂದು ಏನು ಬೇಕೆಂದು ಕೇಳುವ ಪದ್ಧತಿ ಪಾನೀಯಗಳಿಗೆ ಸಾಮಾನ್ಯವಾಗಿ ಇಲ್ಲ. ಪಾನೀಯ ಕೊಡುವ ಕಟ್ಟೆಗೆ (ಕೌಂಟರಿಗೆ) ನೀವೇ ಹೋಗಬೇಕು, ಕೇಳಬೇಕು, ಅಲ್ಲಿಯೇ ಹಣ ಕೊಟ್ಟು ಲೋಟವನ್ನು ನೀವೇ ಹೊತ್ತು ತರಬೇಕು. ಕಟ್ಟೆಯ ಮುಂದೆ ಕಣ್ಣಿಗೆ ಕಾಣುವ ಸಾಲು ಇರುವುದಿಲ್ಲ. ಆದರೆ ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎಂಬುದು ಒಳಗೆ ನಿಂತವನಿಗೂ ಅಕ್ಕಪಕ್ಕದವರಿಗೂ ಸ್ಪಷ್ಟವಾಗಿ ಗೊತ್ತಿರುತ್ತದೆ. ಚಿಟಿಕೆ ಹೊಡೆಯುವುದು, ನೋಟು ಬೀಸುವುದು, ಕೂಗಿ ಕರೆಯುವುದು ಅತ್ಯಂತ ಅಸಭ್ಯ. ಅವನ ಕಣ್ಣಿಗೆ ಬಿದ್ದು ಸುಮ್ಮನೆ ನಿಂತರೆ ಸಾಕು. ನಿಮಗಿಂತ ಮೊದಲು ಬಂದವರನ್ನು ಬಿಟ್ಟು ನಿಮ್ಮನ್ನು ಕೇಳಿದರೆ, ಅವರ ಕಡೆಗೆ ಕೈ ತೋರಿಸಿ. ಆ ಒಂದು ಸಣ್ಣ ಸೌಜನ್ಯದಿಂದ ಅಲ್ಲಿ ಅಪರಿಚಿತತೆ ಅರ್ಧ ಕಡಿಮೆಯಾಗುತ್ತದೆ. ಕಟ್ಟೆಯಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ.

ಗುಂಪಿನಲ್ಲಿ ಹೋದರೆ ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ಕೊಳ್ಳುವ ಸರದಿ ಇರುತ್ತದೆ. ತನ್ನ ಸರದಿ ಬರುವ ಮುನ್ನ ಎದ್ದು ಹೋಗುವವನ ಬಗ್ಗೆ ಅಲ್ಲಿ ಒಳ್ಳೆಯ ಮಾತು ಕೇಳಿಬರುವುದಿಲ್ಲ.

ಮದ್ಯ ಕೊಳ್ಳಲು 18 ವರ್ಷ ತುಂಬಿರಬೇಕು. ಇಪ್ಪತ್ತೈದಕ್ಕಿಂತ ಚಿಕ್ಕವರಂತೆ ಕಂಡರೂ ಗುರುತಿನ ಪತ್ರ ಕೇಳುತ್ತಾರೆ, ಆದ್ದರಿಂದ ಯುವಕರು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಬೇಕು. ಮಕ್ಕಳನ್ನು ಒಳಗೆ ಬಿಡುವ ನಿಯಮವನ್ನು ಪ್ರತಿಯೊಂದು ಪಬ್ಬೂ ತಾನೇ ಮಾಡಿಕೊಂಡಿರುತ್ತದೆ. ಸಂಸಾರ ಸಮೇತ ಹೋಗುವವರು ಹಿಂದಿನ ದಿನವೇ ವಿಚಾರಿಸಬೇಕು.

ಅಳತೆಯ ಲೆಕ್ಕ ಹೀಗಿದೆ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ಶೇಕಡಾ 4 ಆಲ್ಕೋಹಾಲ್ ಇರುವ ಒಂದು ಪೈಂಟ್ ಬಿಯರಿನಲ್ಲಿ ಅಲ್ಲಿಯ ಲೆಕ್ಕದ 2.3 ಯೂನಿಟ್ ಇರುತ್ತದೆ (ಒಂದು ಯೂನಿಟ್ ಎಂದರೆ 10 ಮಿಲಿಲೀಟರ್ ಶುದ್ಧ ಆಲ್ಕೋಹಾಲ್). ವಾರಕ್ಕೆ 14 ಯೂನಿಟ್ ಮೀರಬಾರದೆಂದು ಬ್ರಿಟನ್ನಿನ ಆರೋಗ್ಯ ಅಧಿಕಾರಿಗಳ ಸಲಹೆ. ನಾಲ್ಕು ಪಬ್ ನೋಡುವವರು ಪ್ರತಿ ಕಡೆಯೂ ಪೂರ್ತಿ ಪೈಂಟ್ ಕುಡಿದರೆ ಸಂಜೆಯ ಹೊತ್ತಿಗೆ ನೋಡಿದ್ದು ಯಾವುದೂ ನೆನಪಿರುವುದಿಲ್ಲ. ಅರ್ಧ ಪೈಂಟ್ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ಕೈಯಿಂದ ಎಳೆಯುವ ಉದ್ದ ಹಿಡಿಯ ಪಂಪುಗಳಿಂದ ಬರುವ ಬಿಯರನ್ನೇ ಕೇಳಿ. ಅದು ನೆಲಮಾಳಿಗೆಯ ಪೀಪಾಯಿಯಲ್ಲಿ ಇನ್ನೂ ಹುಳಿಯುತ್ತಿರುವ ಏಲ್ ಎಂಬ ಬಗೆಯ ಬಿಯರ್, 11ರಿಂದ 13 ಡಿಗ್ರಿಯಷ್ಟು ಮಾತ್ರ ತಂಪಾಗಿರುತ್ತದೆ. ಐಸ್‌ನಂತೆ ತಣ್ಣಗಿಲ್ಲವೆಂದು ದೂರುವವರು ತಣ್ಣಗೆ ಮಾಡಿ ಕೊಡುವ ಲಾಗರ್ ಬಿಯರ್ ಕುಡಿದು ಬೆಳೆದವರು. ಯಾವುದೆಂದು ತಿಳಿಯದಿದ್ದರೆ ಒಂದು ಗುಟುಕು ರುಚಿ ನೋಡಲು ಕೇಳಬಹುದು, ಸಾಮಾನ್ಯವಾಗಿ ಕೊಡುತ್ತಾರೆ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಸಾಂಪ್ರದಾಯಿಕ ಏಲ್‌ಗಳನ್ನು ತಿಳಿಗೊಳಿಸಲು ಬಹುಕಾಲದಿಂದ ಬಳಸುತ್ತಿರುವ ವಸ್ತು ಐಸಿಂಗ್ಲಾಸ್, ಅಂದರೆ ಮೀನಿನ ಗಾಳಿಚೀಲದಿಂದ ತೆಗೆದ ಅಂಟು. ಅದು ಮಡ್ಡಿಯನ್ನು ಹಿಡಿದುಕೊಂಡು ಪೀಪಾಯಿಯ ತಳ ಸೇರುತ್ತದೆಯಾದರೂ ವಿಷಯ ತಿಳಿದ ಮೇಲೆ ಅನೇಕರಿಗೆ ಲೋಟ ಎತ್ತಲು ಮನಸ್ಸಾಗುವುದಿಲ್ಲ. ವೀಗನ್ ಎಂದು ಗುರುತಿಸಿದ, ಅಥವಾ ತಿಳಿಗೊಳಿಸದೆ ಮಬ್ಬಾಗಿಯೇ ಬಿಟ್ಟ ಬಿಯರ್ ಇದೆಯೇ ಎಂದು ಕೇಳಿ. ಆಲೂಗಡ್ಡೆಯ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲಿಯೇ, ಕೆಲವೆಡೆ ದನದ ಕೊಬ್ಬಿನಲ್ಲಿಯೂ ಕರಿಯುವುದುಂಟು. ಇದನ್ನೂ ನೇರವಾಗಿ ಕೇಳಬೇಕು. ಯಾರೂ ಬೇಸರಿಸುವುದಿಲ್ಲ, ಏಕೆಂದರೆ ಅಲರ್ಜಿಗೆ ಕಾರಣವಾಗುವ 14 ಪದಾರ್ಥಗಳ ಮಾಹಿತಿಯನ್ನು ಗಿರಾಕಿಗಳಿಗೆ ಕೊಡುವುದು ಅಲ್ಲಿ ಕಾನೂನಿನ ಬಾಧ್ಯತೆ, ಇಂಥ ಪ್ರಶ್ನೆಗಳು ಅವರಿಗೆ ಹೊಸವಲ್ಲ. ಕುಡಿಯದವರು ನಿಂಬೆ–ಸೋಡಾವನ್ನೋ ಜಿಂಜರ್ ಬಿಯರನ್ನೋ ಕೇಳಬಹುದು. ಆಲ್ಕೋಹಾಲ್ ಇಲ್ಲದ ಬಿಯರ್ ಎಂದು ಕೊಡುವ ಕೆಲವು ಬಾಟಲಿಗಳಲ್ಲಿ ಶೇಕಡಾ 0.5ರವರೆಗೆ ಇರಬಹುದೆಂಬುದನ್ನು ಕಟ್ಟುನಿಟ್ಟಿನವರು ಗಮನಿಸಬೇಕು.

ತಲುಪುವುದು

ಭೂಗತ ರೈಲಿನಲ್ಲಿ ಟವರ್ ಹಿಲ್ ನಿಲ್ದಾಣದಲ್ಲಿ ಇಳಿಯುವುದು ಸುಲಭ. ಆದರೆ ಲಂಡನ್ನಿಗೆ ಬರುವ ಕನ್ನಡಿಗರು ಹೇಗೂ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವೇಶ್ವರರ ಪ್ರತಿಮೆಯನ್ನು ನೋಡಲು ಹೋಗುತ್ತಾರೆ. 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಅದು ಇದೇ ನದಿಯ ದಂಡೆಯಲ್ಲಿದೆ. ಬೆಳಿಗ್ಗೆ ಅಲ್ಲಿಗೆ ಹೋಗಿ, ನದಿ ದಾಟಿ ವೆಸ್ಟ್‌ಮಿನ್‌ಸ್ಟರ್ ದೋಣಿಕಟ್ಟೆಗೆ ನಡೆದು, ಅಲ್ಲಿಂದ ದೋಣಿಯಲ್ಲಿ ಟವರ್ ಕಟ್ಟೆಗೆ ಬಂದರೆ ನದಿಯನ್ನು ರಸ್ತೆಯಾಗಿ ಬಳಸಿದವರ ದೃಷ್ಟಿಯಿಂದಲೇ ಊರನ್ನು ಪ್ರವೇಶಿಸಿದಂತಾಗುತ್ತದೆ. (ಬಸವಣ್ಣನವರ ದರ್ಶನ ಮುಗಿಸಿ ನೇರವಾಗಿ ಪಬ್ಬಿಗೆ ಬರುವುದು ಸರಿಯೇ ಎಂಬ ಪ್ರಶ್ನೆಯನ್ನು ಅವರವರ ಮನಸ್ಸಾಕ್ಷಿಗೆ ಬಿಡುತ್ತೇನೆ.) ಟವರ್ ಸೇತುವೆಯ ಪೂರ್ವದಲ್ಲಿ 1828ರಲ್ಲಿ ತೆರೆದ ಸೇಂಟ್ ಕ್ಯಾಥರೀನ್ ಧಕ್ಕೆ ಇದೆ. ಈಗ ಅಲ್ಲಿ ಸಿರಿವಂತರ ವಿಹಾರದೋಣಿಗಳು ನಿಲ್ಲುತ್ತವೆ. ಅದನ್ನು ದಾಟಿ ನದಿಯ ಪಕ್ಕದ ದಾರಿ ಹಿಡಿದರೆ ಕಲ್ಲುಹಾಸಿನ ವಾಪಿಂಗ್ ಹೈ ಸ್ಟ್ರೀಟ್ ಸಿಗುತ್ತದೆ. ಗಟ್ಟಿ ಅಡಿಯ ಬೂಟು ಬೇಕು. ದಿನದ ನಡಿಗೆ ಒಟ್ಟು ನಾಲ್ಕೈದು ಕಿಲೋಮೀಟರ್ ಆಗುತ್ತದೆ.

ವಾಪಿಂಗ್: ಇಳಿತದ ಹೊತ್ತಿನಲ್ಲಿ ನೋಡಬೇಕಾದದ್ದು

ಮೊದಲ ನಿಲುಗಡೆ ಟೌನ್ ಆಫ್ ರಾಮ್ಸ್‌ಗೇಟ್. ಲಂಡನ್ ಧಕ್ಕೆಯ ಹಳೆಯ ಬಾಗಿಲಿನ ಪಕ್ಕ, ಎರಡು ಸಾಲು ಹಳೆಯ ಮನೆಗಳ ನಂತರ, ಕಿರಿದಾದ ಮುಂಭಾಗದ ಈ ಪಬ್ ಕಾಣುತ್ತದೆ. ಒಳಗೆ ಓಣಿಯಂತೆ ಉದ್ದವಾಗಿ ನದಿಯವರೆಗೆ ಚಾಚಿದೆ. ರಾಮ್ಸ್‌ಗೇಟ್ ಊರಿನ ಮೀನುಗಾರರು ತಾವು ಹಿಡಿದ ಮೀನನ್ನು ಇಲ್ಲಿ ಇಳಿಸುತ್ತಿದ್ದುದರಿಂದ ಈ ಹೆಸರು. ಒಳಹೋಗುವ ಮುನ್ನ ಪಕ್ಕದ ಸಂದಿಯಲ್ಲಿರುವ ವಾಪಿಂಗ್ ಓಲ್ಡ್ ಸ್ಟೇರ್ಸ್ ಎಂಬ ಕಲ್ಲಿನ ಮೆಟ್ಟಿಲುಗಳನ್ನು ನೋಡಬೇಕು. ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ ಇಂಥ ಮೆಟ್ಟಿಲುಗಳೇ ನಿಲ್ದಾಣಗಳು; ಅಂಬಿಗರು ಇಲ್ಲಿಂದ ಜನರನ್ನು ದಾಟಿಸುತ್ತಿದ್ದರು, ಹಡಗಿನಿಂದ ಇಳಿದ ನಾವಿಕನ ಮೊದಲ ಹೆಜ್ಜೆ ಇಲ್ಲಿ ಬೀಳುತ್ತಿತ್ತು, ಎರಡನೆಯದು ಪಬ್ಬಿನೊಳಗೆ.

ಕೆಳಗಿನ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ. ಇಳಿತವು ಕೊನೆಯ ಮಟ್ಟಕ್ಕೆ ಬರುವ ಮುನ್ನ ಇಳಿದು, ನೀರು ತಿರುಗಿದ ಕೂಡಲೇ ಹತ್ತಿ ಬರಬೇಕು. ಏರುವ ನೀರು ನಡೆಯುವವನಿಗೆ ಸಮಯ ಕೊಡುವುದಿಲ್ಲ. ಇನ್ನೊಂದು ಮುಖ್ಯ ಸಂಗತಿ: ತೀರದಲ್ಲಿ ಮಣ್ಣಿನ ಚಿಲುಮೆಯ ಚೂರು, ಹಳೆಯ ಮೊಳೆ, ಬಟ್ಟಲಿನ ಒಡಕು ಕಣ್ಣಿಗೆ ಬೀಳುತ್ತವೆ. ಬಂದರು ಪ್ರಾಧಿಕಾರದ ಪರವಾನಗಿಯಿಲ್ಲದೆ ಅವನ್ನು ಹುಡುಕುವುದೂ ಎತ್ತಿಕೊಳ್ಳುವುದೂ ನಿಷಿದ್ಧ. ನೋಡಿ ಅಲ್ಲಿಯೇ ಬಿಡಿ.

1688ರಲ್ಲಿ ದೊರೆ ಎರಡನೆಯ ಜೇಮ್ಸ್ ಪಲಾಯನ ಮಾಡಿದಾಗ, ಸಾಲುಸಾಲಾಗಿ ಮರಣದಂಡನೆ ವಿಧಿಸಿ ಕುಖ್ಯಾತನಾಗಿದ್ದ ನ್ಯಾಯಾಧೀಶ ಜಾರ್ಜ್ ಜೆಫ್ರೀಸ್ ನಾವಿಕನ ವೇಷದಲ್ಲಿ ತಪ್ಪಿಸಿಕೊಳ್ಳಲು ಹೋಗಿ ವಾಪಿಂಗ್‌ನಲ್ಲಿ ಸಿಕ್ಕಿಬಿದ್ದ. ಅದು ವಾಪಿಂಗ್‌ನಲ್ಲಿ ಎಂಬುದು ನಿಜ. ಇದೇ ಪಬ್ಬಿನಲ್ಲಿ ಎಂಬುದು ಪಬ್ಬಿನ ಮಾತು. ಈ ದಂಡೆಯಲ್ಲಿ ಗೋಡೆಯ ಮೇಲೆ ತೂಗುವ ಫಲಕಗಳನ್ನು ಅರ್ಧ ನಂಬಿಕೆಯಿಂದ ಓದುವುದೇ ಕ್ಷೇಮ. ಅದಕ್ಕೆ ಸಾಕ್ಷಿಯಾಗಿ ಮರಣದಂಡನೆಯ ಕಟ್ಟೆಯನ್ನೇ ನೋಡಿ: ಕಡಲ್ಗಳ್ಳರನ್ನು ಇಳಿತದ ಸಮಯದಲ್ಲಿ ತೀರದಲ್ಲಿ ನೇಣು ಹಾಕಿ, ಮೂರು ಭರತಗಳು ಮೈಮೇಲೆ ಹಾದುಹೋಗುವವರೆಗೆ ಬಿಡುತ್ತಿದ್ದ ಆ ಸ್ಥಳ ತಮ್ಮ ಬಾಗಿಲಲ್ಲೇ ಇತ್ತೆಂದು ಇಲ್ಲಿ ಒಂದಕ್ಕಿಂತ ಹೆಚ್ಚು ಪಬ್‌ಗಳು ಹೇಳಿಕೊಳ್ಳುತ್ತವೆ. ಅಲ್ಲಿ ಕೊನೆಯ ನೇಣು ನಡೆದದ್ದು 1830ರಲ್ಲಿ.

ಮುಂದೆ ನಡೆದರೆ 1798ರಲ್ಲಿ ಸ್ಥಾಪನೆಯಾದ ನದಿ ಪೊಲೀಸ್ ಠಾಣೆಯ ಜಾಗ, ಅದಾದ ಮೇಲೆ ಕ್ಯಾಪ್ಟನ್ ಕಿಡ್. ಕಡಲ್ಗಳ್ಳತನದ ಆರೋಪದ ಮೇಲೆ 1701ರ ಮೇ 23ರಂದು ನೇಣಿಗೇರಿದ ವಿಲಿಯಂ ಕಿಡ್‌ನ ಹೆಸರು ಇದಕ್ಕಿದೆ. ಮೊದಲ ಸಲ ಹಗ್ಗ ಹರಿದು, ಎರಡನೆಯ ಸಲ ಅವನ ಪ್ರಾಣ ಹೋಯಿತು. ಅವನ ಮೇಲಿದ್ದ ಮುಖ್ಯ ಆರೋಪಗಳಲ್ಲೊಂದು ನಮ್ಮ ಮಲಬಾರ್ ಕಡಲಿನಲ್ಲಿ ‘ಕ್ವೆಡಾ ಮರ್ಚೆಂಟ್’ ಎಂಬ ಹಡಗನ್ನು ದೋಚಿದ್ದು. ಹೆಸರು ಹಳೆಯದು, ಪಬ್ ಮಾತ್ರ 1980ರ ದಶಕದಲ್ಲಿ ಹಳೆಯ ಗೋದಾಮಿನಲ್ಲಿ ತೆರೆದದ್ದು. ಸಮಯ ಕಡಿಮೆಯಿದ್ದರೆ ಹೊರಗಿನಿಂದಲೇ ನೋಡಿ ಮುಂದೆ ಹೋಗಬಹುದು.

ಬಿಡಬಾರದ್ದು ಪ್ರಾಸ್ಪೆಕ್ಟ್ ಆಫ್ ವಿಟ್ಬಿ. 1520ರಿಂದ ಇಲ್ಲಿ ಪಬ್ ಇದೆಯೆಂದು ಅವರ ಹೇಳಿಕೆ. ಒಂದು ಕಾಲದಲ್ಲಿ ಇದಕ್ಕೆ ‘ದೆವ್ವದ ಛತ್ರ’ ಎಂಬರ್ಥದ ಹೆಸರಿತ್ತು. ಬೆಂಕಿ ಬಿದ್ದು ಪುನಃ ಕಟ್ಟಿದ್ದರಿಂದ ಈಗ ಕಾಣುವುದರಲ್ಲಿ ಬಹುಪಾಲು ಅಷ್ಟು ಹಳೆಯದಲ್ಲ, ನೆಲದ ಕಲ್ಲುಚಪ್ಪಡಿಗಳು ಹಳೆಯವೆಂದು ಪ್ರತೀತಿ. ತವರದ ಹೊಳಪಿನ ಪ್ಯೂಟರ್ ಲೋಹದ ಹೊದಿಕೆಯಿರುವ ಉದ್ದನೆಯ ಕಟ್ಟೆಯ ಮೇಲೆ ಕೈಯಿಟ್ಟು ನೋಡಿ. ಆಮೇಲೆ ಪಕ್ಕದ ಪೆಲಿಕನ್ ಸ್ಟೇರ್ಸ್ ಮೂಲಕ ತೀರಕ್ಕಿಳಿದರೆ ನೇಣುಗಂಬವೊಂದು ಕಾಣುತ್ತದೆ. ಅದು ಪ್ರವಾಸಿಗರಿಗಾಗಿ ನಿಲ್ಲಿಸಿದ್ದು. ಉತ್ತರದ ವಿಟ್ಬಿ ಬಂದರಿಗೆ ಸೇರಿದ, ಕಲ್ಲಿದ್ದಲು ತರುತ್ತಿದ್ದ ‘ಪ್ರಾಸ್ಪೆಕ್ಟ್’ ಎಂಬ ಹಡಗು ಹತ್ತಿರದಲ್ಲಿ ಲಂಗರು ಹಾಕುತ್ತಿದ್ದುದರಿಂದ ಪಬ್ಬಿಗೆ ಈಗಿನ ಹೆಸರು ಬಂತು. ಅದೇ ವಿಟ್ಬಿಯ ಕಲ್ಲಿದ್ದಲು ಹಡಗುಗಳಲ್ಲಿ ಕೆಲಸ ಕಲಿತ ಸಮುದ್ರಾನ್ವೇಷಕ ಜೇಮ್ಸ್ ಕುಕ್, 1762ರಲ್ಲಿ ಮದುವೆಯಾದದ್ದು ವಾಪಿಂಗ್‌ನ ಪಬ್ಬೊಂದರ ಮಾಲೀಕನ ಮಗಳು ಎಲಿಜಬೆತ್ ಬ್ಯಾಟ್ಸ್‌ಳನ್ನು.

ಕಲ್ಲಿದ್ದಲಿನ ಮಾತು ಬಂದದ್ದರಿಂದ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಹಡಗುಗಳಿಂದ ಕಲ್ಲಿದ್ದಲು ಇಳಿಸುವ ಕೂಲಿಗಳಿಗೆ ಕೆಲಸ ಹಂಚುತ್ತಿದ್ದವರು ಬಹುಕಾಲ ಪಬ್ ಮಾಲೀಕರೇ. ಅವರ ಬಳಿ ಕುಡಿಯದವನಿಗೆ ಕೆಲಸ ಸಿಗುತ್ತಿರಲಿಲ್ಲ. ಕೂಲಿಯ ದೊಡ್ಡ ಪಾಲು ಕುಡಿತದ ಬಾಕಿಗೇ ಮುರಿದುಹೋಗುತ್ತಿತ್ತು. 1843ರ ಕಾಯ್ದೆಯು ನೇಮಕಾತಿಯನ್ನು ಪಬ್ಬಿನಿಂದ ಹೊರತಂದು ಪ್ರತ್ಯೇಕ ಕಚೇರಿಗೆ ಒಪ್ಪಿಸಿತು. ದಂಡೆಯುದ್ದಕ್ಕೂ ಇಷ್ಟೊಂದು ಪಬ್‌ಗಳು ಏಕಿದ್ದವು ಎಂಬ ಪ್ರಶ್ನೆಗೆ ನಾವಿಕರ ಬಾಯಾರಿಕೆ ಅರ್ಧ ಉತ್ತರವಾದರೆ, ಇದು ಇನ್ನರ್ಧ.

ಮಧ್ಯಾಹ್ನದ ಊಟವನ್ನು ಇಲ್ಲಿಯೇ ಮುಗಿಸುವುದು ಅನುಕೂಲ.

ಲೈಮ್‌ಹೌಸ್: ನೀರು ಏರತೊಡಗಿದಾಗ

ನದಿಯ ದಾರಿಯಲ್ಲಿಯೇ ಪೂರ್ವಕ್ಕೆ, ಕಿಂಗ್ ಎಡ್ವರ್ಡ್ ಉದ್ಯಾನವನ್ನು ಹಾದು, 1820ರಲ್ಲಿ ತೆರೆದ ಲೈಮ್‌ಹೌಸ್ ಜಲಾಶಯದ ಬಾಗಿಲನ್ನು ದಾಟಿದರೆ ನ್ಯಾರೋ ಸ್ಟ್ರೀಟ್. ಅಲ್ಲಿ 76ನೆಯ ಸಂಖ್ಯೆಯ ಕಟ್ಟಡ ದಿ ಗ್ರೇಪ್ಸ್. ಈ ಜಾಗದಲ್ಲಿ 1583ರಿಂದ ಪಬ್ ಇತ್ತೆನ್ನುತ್ತಾರೆ, ಈಗಿನ ಕಟ್ಟಡ 1720ರ ದಶಕದ್ದು. ಚಾರ್ಲ್ಸ್ ಡಿಕನ್ಸ್ ಪೂರ್ಣಗೊಳಿಸಿದ ಕೊನೆಯ ಕಾದಂಬರಿಯ ನದಿತೀರದ ಪಬ್ಬಿಗೆ ಇದೇ ಮಾದರಿಯೆಂದು ಹೇಳಲಾಗುತ್ತದೆ. 2011ರಿಂದ ನಟ ಇಯಾನ್ ಮೆಕೆಲನ್ ಇದರ ಮಾಲೀಕರಲ್ಲೊಬ್ಬರು. ತುಂಬ ಚಿಕ್ಕ ಪಬ್. ಹಿಂಬದಿಯ ಮರದ ಜಗಲಿಯಲ್ಲಿ ಬೆರಳೆಣಿಕೆಯ ಮಂದಿ ಮಾತ್ರ ನಿಲ್ಲಬಹುದು. ಎದುರಿಗೆ ನೀರಿನಲ್ಲಿ ಕಂಬದ ಮೇಲೆ ಶಿಲ್ಪಿ ಆಂಟನಿ ಗಾರ್ಮ್ಲಿ ಎರಕ ಹೊಯ್ದ ಮನುಷ್ಯನೊಬ್ಬ ನಿಂತಿದ್ದಾನೆ. ಅವನ ಕಂಬದ ಮೇಲೆ ನೀರು ಎಲ್ಲಿಗೆ ಬಂದಿದೆಯೆಂದು ನೋಡಿಯೇ ಭರತದ ಮಟ್ಟವನ್ನು ಅಂದಾಜು ಮಾಡಬಹುದು. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ಅತಿ ಸೊಗಸಾದ ಪಬ್ ಇದೇ. ನಾಲ್ವರಿಗಿಂತ ಹೆಚ್ಚು ಜನರಿದ್ದರೆ ಒಟ್ಟಿಗೆ ನುಗ್ಗಬೇಡಿ.

ಲೈಮ್‌ಹೌಸ್‌ಗೂ ನಮಗೂ ಇರುವ ನಂಟು ಪಬ್ಬಿನ ಹೊರಗಿದೆ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ದುಡಿದ ಭಾರತೀಯ ಖಲಾಸಿಗಳನ್ನು ಲಸ್ಕರರೆಂದು ಕರೆಯುತ್ತಿದ್ದರು. ಮರುಪ್ರಯಾಣದ ಕೆಲಸ ಸಿಗದೆ ಅವರಲ್ಲಿ ಎಷ್ಟೋ ಮಂದಿ ಈ ಬೀದಿಗಳಲ್ಲಿ ಚಳಿಯಲ್ಲಿ ನರಳಿದರು. ಅಂಥವರಿಗಾಗಿ 1857ರಲ್ಲಿ ಹತ್ತಿರದ ವೆಸ್ಟ್ ಇಂಡಿಯಾ ಡಾಕ್ ರಸ್ತೆಯಲ್ಲಿ ಒಂದು ವಸತಿಗೃಹ ತೆರೆಯಿತು. ಇನ್ನು ಕಟ್ಟೆಯ ಮೇಲೆ ಐಪಿಎ ಎಂಬ ಹೆಸರು ಕಂಡರೆ ಅದು ಇಂಡಿಯಾ ಪೇಲ್ ಏಲ್. ಇಲ್ಲಿಗೆ ಹತ್ತಿರದ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನನ ಬ್ರೂವರಿಯು ಬ್ಲ್ಯಾಕ್‌ವಾಲ್ ಕಟ್ಟೆಯಿಂದ ಹೊರಡುವ ಹಡಗುಗಳಿಗೆ ಬಿಯರ್ ಒದಗಿಸುತ್ತಿತ್ತು. ನಮ್ಮ ದೇಶದ ಹವೆಗೆಂದೇ ಅದನ್ನು ಕಂಡುಹಿಡಿದರೆಂಬ ಕಥೆಗೆ ಆಧಾರವಿಲ್ಲ. ಹಡಗುಕಟ್ಟೆಗೆ ಹತ್ತಿರವಿದ್ದದ್ದೇ ಅವನ ಅದೃಷ್ಟ.

ನದಿಯ ಅಡಿಯಿಂದ ರಾದರ್‌ಹೈದ್‌ಗೆ: ಭರತದ ಹೊತ್ತು

ಲೈಮ್‌ಹೌಸ್ ನಿಲ್ದಾಣದಲ್ಲಿ ಡಿಎಲ್‌ಆರ್ ಎಂಬ ಲಘು ರೈಲು ಹತ್ತಿ ಮುಂದಿನ ನಿಲ್ದಾಣವಾದ ಶ್ಯಾಡ್‌ವೆಲ್‌ನಲ್ಲಿ ಇಳಿಯಿರಿ. ಹೊರಬಂದು ಪಕ್ಕದಲ್ಲಿಯೇ ಇರುವ ಓವರ್‌ಗ್ರೌಂಡ್ ನಿಲ್ದಾಣಕ್ಕೆ ಹೋಗಿ, ದಕ್ಷಿಣಕ್ಕೆ ಹೊರಡುವ ವಿಂಡ್‌ರಶ್ ಮಾರ್ಗದ ರೈಲು ಹಿಡಿಯಬೇಕು. ವಾಪಿಂಗ್ ದಾಟಿದ ಕೂಡಲೇ ರೈಲು ನುಗ್ಗುವ ಸುರಂಗವು ಎಂಜಿನಿಯರ್ ಮಾರ್ಕ್ ಬ್ರುನೆಲ್ ಮತ್ತು ಅವನ ಮಗ ಇಸಾಂಬಾರ್ಡ್ 1825ರಲ್ಲಿ ತೋಡಲು ಆರಂಭಿಸಿ 1843ರಲ್ಲಿ ಪಾದಚಾರಿಗಳಿಗೆ ತೆರೆದದ್ದು. ಹಡಗು ಸಂಚರಿಸುವ ನದಿಯೊಂದರ ಅಡಿಯಲ್ಲಿ ತೋಡಿದ ಮೊದಲ ಸುರಂಗ ಇದೇ. ಒಳಗೆ ನೀರು ನುಗ್ಗಿ ಕೆಲಸಗಾರರು ಸತ್ತರು, 1828ರಲ್ಲಿ ಇಸಾಂಬಾರ್ಡ್ ಕೂದಲೆಳೆಯಲ್ಲಿ ಬದುಕಿದ. ಒಂದು ನಿಮಿಷ ಮೊಬೈಲ್ ಕೆಳಗಿಟ್ಟು ಕಿಟಕಿಯಾಚೆ ನೋಡಿ. ಮುಂದಿನ ನಿಲ್ದಾಣವೇ ರಾದರ್‌ಹೈದ್.

ನಿಲ್ದಾಣದಿಂದ ಎರಡು ಹೆಜ್ಜೆಗೆ ಬ್ರುನೆಲ್ ವಸ್ತುಸಂಗ್ರಹಾಲಯ, ಸೇಂಟ್ ಮೇರಿ ಚರ್ಚು, ಅದರೆದುರು ದಿ ಮೇಫ್ಲವರ್. 1620ರಲ್ಲಿ ಅಮೆರಿಕಕ್ಕೆ ವಲಸಿಗರನ್ನು ಒಯ್ದ ಮೇಫ್ಲವರ್ ಹಡಗು ರಾದರ್‌ಹೈದ್‌ನದು. ಅದರ ನಾಯಕ ಕ್ರಿಸ್ಟೋಫರ್ ಜೋನ್ಸ್ 1622ರಲ್ಲಿ ಇದೇ ಚರ್ಚಿನ ಅಂಗಳದಲ್ಲಿ ಮಣ್ಣಾದ. ಪಬ್ಬಿಗೆ ಈ ಹೆಸರಿಟ್ಟದ್ದು ಮಾತ್ರ 1957ರಲ್ಲಿ, ಅದಕ್ಕೆ ಮೊದಲು ಅದು ಸ್ಪ್ರೆಡ್ ಈಗಲ್. ಬ್ರಿಟನ್ನಿನ ಅಂಚೆಚೀಟಿಯ ಜೊತೆಗೆ ಅಮೆರಿಕದ ಅಂಚೆಚೀಟಿಯನ್ನೂ ಮಾರುವ ಪರವಾನಗಿ ಇದಕ್ಕೆ ಇತ್ತೆಂಬುದು ಇಲ್ಲಿಯ ಪ್ರಸಿದ್ಧ ಕಥೆ. ಒಳಗೆ ತಗ್ಗು ತೊಲೆಗಳು. ಎತ್ತರದವರು ತಲೆ ಬಗ್ಗಿಸಬೇಕು. ನೇರವಾಗಿ ಹಿಂದಕ್ಕೆ, ನದಿಯ ಮೇಲೆ ಚಾಚಿದ ಮರದ ಅಟ್ಟಣೆಗೆ ಹೋಗಿ ಕುಳಿತುಕೊಳ್ಳಿ. ಇಲ್ಲಿಗೆ ಮೊದಲೇ ಮೇಜು ಕಾಯ್ದಿರಿಸಿದ್ದರೆ ಒಳಿತು. ಲೆಕ್ಕ ಸರಿಯಾಗಿದ್ದರೆ ಈ ಹೊತ್ತಿಗೆ ಭರತ ತುಂಬಿರುತ್ತದೆ. ದೋಣಿಯೊಂದು ಹಾದುಹೋದ ಸ್ವಲ್ಪ ಹೊತ್ತಿನ ಮೇಲೆ ಅದರ ಅಲೆ ಬಂದು ಹಲಗೆಗಳ ಅಡಿಯಲ್ಲಿ ಬಡಿಯುತ್ತದೆ, ಕೆಲವೊಮ್ಮೆ ಸಂದಿಯಿಂದ ಚಿಮ್ಮಿ ಕಾಲನ್ನೂ ನೆನೆಸುತ್ತದೆ. ಕೈಚೀಲವನ್ನು ನೆಲದ ಮೇಲೆ ಇಡಬೇಡಿ. ಎದುರು ದಂಡೆಯಲ್ಲಿ ಕಾಣುವುದು ಮಧ್ಯಾಹ್ನ ನಡೆದು ಬಂದ ವಾಪಿಂಗ್. ನೀವು ನಿಂತಿದ್ದ ತೀರ ಈಗ ನೀರಿನ ಕೆಳಗಿರುತ್ತದೆ.

ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿರುವ ದಿ ಏಂಜೆಲ್, ಗ್ರೀನಿಚ್‌ನಲ್ಲಿ 1837ರಲ್ಲಿ ಕಟ್ಟಿದ ಟ್ರಫಾಲ್ಗರ್ ಟ್ಯಾವರ್ನ್ ಇವೆರಡನ್ನೂ ಇದೇ ದಿನಕ್ಕೆ ತುರುಕುವ ಆಸೆ ಬೇಡ. ಗ್ರೀನಿಚ್‌ಗೆ ಒಂದು ಪೂರ್ತಿ ದಿನ ಬೇಕು.

ಮುಚ್ಚುವ ಹೊತ್ತು ಹತ್ತಿರವಾದಾಗ ಕಟ್ಟೆಯಲ್ಲಿ ಗಂಟೆ ಬಾರಿಸುತ್ತಾರೆ. ಅದು ಹೊರಡಿರೆಂಬ ಸೂಚನೆಯಲ್ಲ, ಕೊನೆಯದಾಗಿ ಕೇಳುವುದಿದ್ದರೆ ಈಗಲೇ ಕೇಳಿ ಎಂಬ ಸೂಚನೆ. ಆಮೇಲೆ ಲೋಟ ಖಾಲಿ ಮಾಡಲು ಸ್ವಲ್ಪ ಸಮಯ ಕೊಡುತ್ತಾರೆ. ಕಾರು ಓಡಿಸುವ ಯೋಚನೆಯೇ ಬೇಡ, ಅದರ ಅಗತ್ಯವೂ ಇಲ್ಲ. ರಾದರ್‌ಹೈದ್‌ನಿಂದ ದಕ್ಷಿಣಕ್ಕೆ ಒಂದೇ ನಿಲ್ದಾಣ ಹೋದರೆ ಕೆನಡಾ ವಾಟರ್. ಅಲ್ಲಿ ಜುಬಿಲಿ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಯಾರ ಸಹಾಯವೂ ಇಲ್ಲದೆ ನಗರದ ನಡುವಿಗೆ ತಲುಪಬಹುದು.